ಎದುರುತೂಕ

ನಮ್ಮ ಮನೆಯಲ್ಲಿ ಆಗ ನೀರು ಬೇಕಾದರೆ ನೀಲಿ ದಾರ ಎಳೆಯಬೇಕಿತ್ತು. ಕೆಂಪು ದಾರ ಮುಂಬಾಗಿಲ ಚಿಲಕದ್ದು. ಬಿಳಿಯದು ಪರದೆಗೆ, ಹಸಿರು ಫ್ಯಾನಿನ ಸ್ವಿಚ್ಚಿಗೆ. ಗೋಡೆಯುದ್ದಕ್ಕೂ ಸಣ್ಣ ಸಣ್ಣ ರಾಟೆಗಳ ಮೇಲೆ ಹಾಯ್ದು ಬಂದ ಅವೆಲ್ಲ ಕೊನೆಗೆ ಅಮ್ಮನ ಕುರ್ಚಿಯ ಕೈಗೆ ಬಡಿದ ಮರದ ಪಟ್ಟಿಯ ಕೊಕ್ಕೆಗಳಿಗೆ ಸಿಕ್ಕಿಕೊಂಡಿದ್ದವು. ಎತ್ತರದವರು ಯಾರಾದರೂ ಬಂದರೆ ತಲೆ ಬಗ್ಗಿಸಿಯೇ ಒಳಗೆ ಬರಬೇಕು.

ಅಪ್ಪ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಊರಿನ ದೊಡ್ಡ ಕಟ್ಟಡಗಳ ನೆತ್ತಿಯ ಮೇಲಿನ ಸಣ್ಣ ಕೋಣೆಗಳಲ್ಲಿ, ಗ್ರೀಸು ಮೆತ್ತಿದ ಹಗ್ಗಗಳ ಪಕ್ಕದಲ್ಲಿ ಅವರ ವಯಸ್ಸೆಲ್ಲ ಕಳೆದಿತ್ತು. ನಾವು ಮಾತ್ರ ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿದ್ದೆವು. ಅಡುಗೆಮನೆಯಿಂದ ಅಮ್ಮನ ಬಳಿಗೆ ಹಳೆಯ ಪರದೆಯ ಕಂಬಿಯ ಮೇಲೆ ಅವರು ಒಂದು ತಟ್ಟೆ ಓಡಿಸಿದ್ದರು. ಅದರ ದಾರದ ಇನ್ನೊಂದು ತುದಿಗೆ ಮರಳು ತುಂಬಿದ ಬಾಟಲಿ ನೇತಾಡುತ್ತಿತ್ತು.

"ಲಿಫ್ಟನ್ನ ಮೋಟರು ಎತ್ತುತ್ತೆ ಅಂತ ಜನ ತಿಳ್ಕೊಂಡಿದಾರೆ," ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. "ಅರ್ಧ ಕೆಲಸ ಎದುರುತೂಕದ್ದು. ಆ ಕಡೆ ಅದು ಇಳಿದ್ರೆ ಈ ಕಡೆ ನೀವು ಮೇಲೆ. ತೂಕ ಸರಿಯಾಗಿ ಕೂತ್ರೆ ಒಂದು ಬೆರಳು ಸಾಕು."

ಕುರ್ಚಿಯ ಸೀಟಿನ ಕೆಳಗೆ ಹಳೆಯ ಸೋಫಾದ ಸ್ಪ್ರಿಂಗುಗಳಿದ್ದವು. ಏಳಬೇಕೆಂದರೆ ಪಕ್ಕದ ಹಿಡಿ ಸಡಿಲಿಸಿದರಾಯಿತು, ಸೀಟೇ ಮೇಲಕ್ಕೆ ತಳ್ಳುತ್ತಿತ್ತು. ಇಸ್ಪೀಟು ಎಲೆಗಳನ್ನು ಸಾಲಾಗಿ ನಿಲ್ಲಿಸಲು ಸೀಳು ಕೊರೆದ ಹಲಗೆ, ಪುಸ್ತಕದ ಹಾಳೆ ಹಾರದಂತೆ ಹಿಡಿಯುವ ಬಟ್ಟೆ ಕ್ಲಿಪ್ಪಿನ ಸ್ಟ್ಯಾಂಡು, ಹೂಕುಂಡಕ್ಕೆ ಹನಿಹನಿಯಾಗಿ ನೀರು ಬಿಡುವ ತಲೆಕೆಳಗಾದ ಬಾಟಲಿ. ಎಲ್ಲಕ್ಕಿಂತ ಅಮ್ಮನಿಗೆ ಹಿಡಿಸಿದ್ದು ಕನ್ನಡಿ. ಒಡೆದ ಬೀರುವಿನ ಕನ್ನಡಿಯ ಒಂದು ತುಂಡನ್ನು ಅಪ್ಪ ಕಿಟಕಿಯ ಹೊರಚೌಕಟ್ಟಿಗೆ ಕೀಲು ಹಾಕಿ ನಿಲ್ಲಿಸಿದ್ದರು. ಹಳದಿ ದಾರ ಎಳೆದು ಸ್ವಲ್ಪ ಓರೆ ಮಾಡಿದರೆ ಕೂತಲ್ಲಿಂದಲೇ ಕೆಳಗಿನ ಬೀದಿ ಕಾಣುತ್ತಿತ್ತು. ಬೀದಿಯಾಚೆಯ ಲಾಂಡ್ರಿ ಅಂಗಡಿಯೂ ಕಾಣುತ್ತಿತ್ತು. ಜಾರಿ ಬಿದ್ದು ಈ ಕುರ್ಚಿ ಹಿಡಿಯುವವರೆಗೆ ಅಮ್ಮ ಇಸ್ತ್ರಿ ಮಾಡುತ್ತಿದ್ದದ್ದು ಅಲ್ಲೇ, ಬಾಗಿಲ ಪಕ್ಕದ ಮೇಜಿನಲ್ಲಿ. ಈಗ ಅಲ್ಲಿ ಬೇರೆ ಯಾರೋ ಒಬ್ಬಳು ನಿಂತಿರುತ್ತಿದ್ದಳು. "ಕಾಲರ್ ಮೊದಲು ಮಾಡ್ಬೇಕು ಅಂತ ಗೊತ್ತಿಲ್ಲ ಇವಳಿಗೆ," ಎಂದು ಅಮ್ಮ ಕನ್ನಡಿಗೆ ಹೇಳುತ್ತಿದ್ದಳು.

ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ವಾರಕ್ಕೊಮ್ಮೆ ಇಸ್ಪೀಟಿಗೆ ಬರುತ್ತಿದ್ದಳು. ಬಾಯಿ ಜೋರು, ಮನಸ್ಸು ಮೆತ್ತಗೆ.

"ಏನೋ, ಇಷ್ಟೆಲ್ಲ ಮಾಡಿದೀಯ, ಇವಳ ಬದಲು ಆಕಳಿಸೋಕೂ ಒಂದು ಯಂತ್ರ ಮಾಡ್ಬಿಡು. ಅದೊಂದು ಯಾಕೆ ಬಾಕಿ?"

"ಆಕಳಿಕೆ ಬರೋದು ಗಾಳಿ ಸಾಲದೆ ಇದ್ದಾಗ ಅಕ್ಕಾ," ಅಪ್ಪ ಗಂಭೀರವಾಗಿ ಹೇಳಿದರು. "ಫ್ಯಾನಿಗೆ ದಾರ ಹಾಕಿದೀನಲ್ಲ."

"ಕರ್ಮ! ಗೇಲಿ ಮಾಡಿದ್ರೆ ಗೇಲಿಗೂ ಒಂದು ರಾಟೆ ಹಾಕ್ತಾನೆ ಇವನು. ಏ ಗೂಬೆ, ನೀನಾದ್ರೂ ಒಂದು ಮಾತಾಡೇ." ಗೂಬೆ ಎಂದರೆ ನಾನು. ಡಿಗ್ರಿ ಮುಗಿಸಿ, ಅವರಿವರ ಮನೆಗೆ ಹೋಗಿ ಟ್ಯೂಷನ್ ಹೇಳುತ್ತ, ಅಪ್ಪ ಅಮ್ಮನ ಜೊತೆಯಲ್ಲೇ ಇದ್ದೆ. ಮೂಲೆಯಲ್ಲಿ ಕೂತು ನೋಡುವುದಷ್ಟೇ ನನ್ನ ಕೆಲಸ ಎಂದು ಅತ್ತೆಯ ದೂರು. ಆಮೇಲೆ ಅಮ್ಮನ ಕಡೆ ತಿರುಗಿ, "ನೀನು ಆ ಕನ್ನಡಿ ಆ ಕಡೆ ತಿರುಗಿಸಮ್ಮ. ನನ್ನ ಎಲೆಯೆಲ್ಲ ಕಾಣ್ತಿದೆ ನಿಂಗೆ."

"ಕಾಣೋ ಅಂಥ ಎಲೆ ಏನಿದೆ ಅತ್ತಿಗೆ ನಿಮ್ಮ ಕೈಲಿ?" ಎಂದಳು ಅಮ್ಮ.

ಆ ನಗುವಿನಲ್ಲೂ ಅತ್ತೆ ಒಮ್ಮೆ ಅಪ್ಪನ ಮುಖ ನೋಡಿ, ಇನ್ನೊಮ್ಮೆ ನನ್ನ ಮುಖ ನೋಡಿ, ನೆಮ್ಮದಿಯಿಂದ ಎಲೆ ಕಲಸುತ್ತಿದ್ದಳು. ಅದರ ಅರ್ಥ ನಮ್ಮೆಲ್ಲರಿಗೂ ಗೊತ್ತಿತ್ತು. ಅಪ್ಪನ ಕಂಪನಿ ರಿಪೇರಿ ಕೆಲಸವನ್ನು ಬೇರೆ ಯಾರಿಗೋ ವಹಿಸಿ ಅವರ ಕೆಲಸ ಹೋದ ಮೇಲೆ ಅವರು ಒಂದು ಇಡೀ ಚಳಿಗಾಲ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದರು. ನಿದ್ದೆಯಲ್ಲ, ಕಣ್ಣು ಬಿಟ್ಟುಕೊಂಡೇ. ಇಟ್ಟ ಊಟ ಹಾಗೇ ಆರುತ್ತಿತ್ತು. ಡಾಕ್ಟರು ಕೊಟ್ಟ ಮಾತ್ರೆಗಳು ದಿಂಬಿನ ಕೆಳಗೆ ಸಿಗುತ್ತಿದ್ದವು. ಒಂದು ಬೆಳಿಗ್ಗೆ, ಮಾತ್ರೆಗಳೆಲ್ಲ ಒಟ್ಟಿಗೆ ಅವರ ಅಂಗೈಯಲ್ಲಿ ಇದ್ದದ್ದನ್ನು ಅಮ್ಮ ನೋಡಿದಳು. ಕೈಯಿಂದ ಬಿಡಿಸಿ ತೆಗೆದುಕೊಂಡಳಂತೆ. ಆಮೇಲೆ ಅವಳು ಲಾಂಡ್ರಿಗೆ ಹೋಗುವಾಗ ನಾನು ಮನೆಯಲ್ಲಿರಬೇಕು ಎಂದಾಯಿತು. ಹಾಗಿದ್ದವರನ್ನು ಎಬ್ಬಿಸಿದ್ದು ಬಚ್ಚಲಿನಲ್ಲಿ ಜಾರಿ ಬಿದ್ದ ಅಮ್ಮನ ಕೂಗು. ಎಡಸೊಂಟದ ಮೂಳೆ ಮುರಿದಿತ್ತು. ಮೂರು ಮಹಡಿ ಅವಳನ್ನು ಕುರ್ಚಿಯಲ್ಲಿ ಹೊತ್ತು ಇಳಿಸಿದವರು ಅಪ್ಪ ಮತ್ತು ಪಕ್ಕದ ಮನೆಯ ಟೈಲರು. ಅವತ್ತಿನಿಂದ ಅಪ್ಪ ಹಗಲು ಹೊತ್ತು ಮಲಗುವುದನ್ನೇ ಬಿಟ್ಟರು. ಆಪರೇಷನ್ ಮುಗಿಸಿ ಅಮ್ಮ ಮನೆಗೆ ಬರುವ ಹೊತ್ತಿಗೆ ಮೊದಲ ರಾಟೆ ಗೋಡೆಗೆ ಬಿದ್ದಾಗಿತ್ತು.

ಕಾಲಿಗೆ ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಮೇಡಂ ಬರುತ್ತಿದ್ದರು. ಅವರು ನೇರ ಮಾತಿನವರು. "ಮೂಳೆ ಕೂಡಿದೆ. ಇನ್ನು ನಡೀಬೇಕು. ಈಗ ನಡೀದೆ ಇದ್ರೆ ಮಾಂಸ ಸೊರಗಿ ಹೋಗುತ್ತೆ, ಆಮೇಲೆ ಬೇಕು ಅಂದ್ರೂ ಕಾಲು ಕೇಳಲ್ಲ. ಮನೆಯೊಳಗೆ ನಾಲ್ಕು ಹೆಜ್ಜೆ ಸಾಲದು. ಮೆಟ್ಟಿಲು ಇಳಿದು ಹತ್ತಬೇಕು."

"ಆಗ್ತಿಲ್ಲ ಮೇಡಂ," ಅಮ್ಮ ನೆಲ ನೋಡುತ್ತ ಹೇಳಿದಳು.

ಮೇಡಂ ಸುತ್ತ ದಾರಗಳನ್ನು ನೋಡಿದರು. "ಇಷ್ಟೆಲ್ಲ ಅನುಕೂಲ ಇದ್ರೆ ನಾನೂ ಏಳ್ತಿರಲಿಲ್ಲ ಬಿಡಿ."

ಅಪ್ಪನ ಮುಖ ಅರಳಿತು. ಮೇಡಂ ಹೋದ ಮೇಲೆ ಮೂರು ಸಲ ಹೇಳಿದರು: "ಮೇಡಂಗೂ ಇಷ್ಟ ಆಯ್ತು ನೋಡು. ಆಸ್ಪತ್ರೇಲಿ ಇರೋರು, ಎಷ್ಟು ಕಂಡಿರ್ತಾರೆ!" ನಾನು ಅಮ್ಮನ ಕಡೆ ನೋಡಿದೆ. ಅವಳು ಸುಮ್ಮನೆ ಹಳದಿ ದಾರ ಎಳೆದು ಬೀದಿ ನೋಡತೊಡಗಿದಳು.

ಅದಾದ ಕೆಲವು ದಿನಕ್ಕೆ, ಟ್ಯೂಷನ್ ಇಲ್ಲವೆಂದು ಮಧ್ಯಾಹ್ನವೇ ವಾಪಸು ಬಂದವಳು ಲಾಂಡ್ರಿಯ ಮುಂದೆ ರಸ್ತೆ ದಾಟಲು ನಿಂತೆ. ತಲೆಯೆತ್ತಿದಾಗ ನಮ್ಮ ಕಿಟಕಿಯ ಕನ್ನಡಿ ಕಂಡಿತು. ಅಮ್ಮನಿಗೆ ನಾನಿದ್ದ ಜಾಗ ಕಾಣುವುದಾದರೆ ನನಗೂ ಅವಳು ಕಾಣಬೇಕಲ್ಲ ಎಂದು ಯಾವತ್ತೂ ಹೊಳೆದಿರಲಿಲ್ಲ. ಅಂಗೈಯಷ್ಟು ಹೊಳಪಿನಲ್ಲಿ ಕುರ್ಚಿಯ ಬೆನ್ನು ಕಂಡಿತು. ಕುರ್ಚಿ ಖಾಲಿ ಇತ್ತು. ಮತ್ತೆ ಬಿದ್ದಳೇ? ಅಷ್ಟರಲ್ಲಿ ಗೋಡೆಯ ಪಕ್ಕ ನಿಧಾನವಾಗಿ ಒಂದು ನರೆತ ತಲೆ ಸರಿದುಹೋಯಿತು.

ಮೆಟ್ಟಿಲು ಹತ್ತಿ ಕೀಲಿ ತಿರುಗಿಸುವ ಹೊತ್ತಿಗೆ ಅಮ್ಮ ಕುರ್ಚಿಯಲ್ಲಿದ್ದಳು. ಉಸಿರು ಮಾತ್ರ ಇನ್ನೂ ಕೂತಿರಲಿಲ್ಲ.

"ಅಪ್ಪ ಎಲ್ಲಿ?"

"ಗುಜರಿ ಅಂಗಡಿಗೆ ಹೋದ್ರು. ಏನೋ ಕಬ್ಬಿಣ ಬೇಕಂತೆ. ನೀನೇನೇ ಇಷ್ಟು ಬೇಗ?"

"ನೀನು ನಡೀತಿದ್ದೆ."

"ಯಾರು?"

"ಕನ್ನಡೀಲಿ ಕಾಣಿಸ್ತು ಅಮ್ಮ."

ಅವಳು ಕನ್ನಡಿಯನ್ನೇ ಗುಮಾನಿಯಿಂದ ನೋಡಿದಳು. "ಹಾಳಾದ್ದು. ಕೆಳಗಿನೋರ ಸುದ್ದಿ ನಂಗೆ ಹೇಳುತ್ತೆ ಅಂದ್ಕೊಂಡಿದ್ದೆ. ನನ್ನ ಸುದ್ದಿ ಕೆಳಗೂ ಹೇಳುತ್ತಾ!" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಬಾಗಿಲು ಹಾಕು," ಎಂದಳು.

ನಡೆದು ತೋರಿಸಿದಳು. ಬಲಗೈ ಗೋಡೆಯ ಮೇಲೆ ಸವರುತ್ತ, ಎಡಗಾಲು ಸ್ವಲ್ಪ ಎಳೆಯುತ್ತ, ಕುರ್ಚಿಯಿಂದ ಅಡುಗೆಮನೆಯ ಬಾಗಿಲವರೆಗೆ. ಅಲ್ಲಿ ತಿರುಗುತ್ತಾಳೆ ಎಂದುಕೊಂಡರೆ, ತಿರುಗದೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಕುರ್ಚಿಗೆ ಬಂದಳು.

"ಇದೇನಮ್ಮ, ಕಾರು ರಿವರ್ಸ್ ತೆಗೆದ ಹಾಗೆ?"

"ತಿರುಗಿದ್ರೆ ಗೋಡೆ ಎಡಕ್ಕೆ ಬರುತ್ತಲ್ಲ. ಎಡಗಡೆ ನಂಗೆ ಧೈರ್ಯ ಸಾಲದು. ಹಿಡ್ಕೊಳ್ಳೋಕೆ ಯಾರಿದ್ರು ಹೇಳು, ಒಬ್ಬಳೇ ಕಲ್ತಿದ್ದು."

"ಅಪ್ಪಂಗೆ ಹೇಳೋಣ. ಮೇಡಂಗೂ ಹೇಳೋಣ. ನಾಳೆಯಿಂದ ಮೆಟ್ಟಿಲು..."

"ಬೇಡ."

"ಮೇಡಂ ಹೇಳಿದ್ದು ಕೇಳಿಸ್ಕೊಂಡ್ಯಲ್ಲ? ಇಷ್ಟು ನಡೆದ್ರೆ ಸಾಲದಂತೆ. ಕಾಲು ಹೋಗಿಬಿಡುತ್ತೆ ಅಮ್ಮ."

"ಕಿವಿ ಸರಿಯಿದೆ ನಂದು." ಅವಳು ಎಡತೊಡೆಯನ್ನು ಅಂಗೈಯಿಂದ ಒತ್ತಿಕೊಳ್ಳುತ್ತಿದ್ದಳು. "ನಾನು ಬಿದ್ದ ದಿನ ಅವರು ಎದ್ರು. ನಾನು ಎದ್ದುಬಿಟ್ರೆ ಅವರಿಗೆ ಏನು ಉಳಿಯುತ್ತೆ? ಬೆಳಗಾದ್ರೆ ಸಾಕು, ಇವಳಿಗೆ ಇವತ್ತು ಏನು ಮಾಡ್ಲಿ ಅಂತ ಏಳ್ತಾರೆ. ಗಡ್ಡ ಮಾಡ್ಕೋತಾರೆ. ಶಿಳ್ಳೆ ಹಾಕ್ತಾರೆ, ನೋಡಿದೀಯಾ? ಆ ಕೈಯಲ್ಲಿ ಆ ಮಾತ್ರೆ ನೀನು ನೋಡಿಲ್ಲ. ನಾನು ನೋಡಿದೀನಿ."

ಒಂದು ಕಡೆ ಅವಳ ಕಾಲು, ಇನ್ನೊಂದು ಕಡೆ ಅವರ ಜೀವ. ಇದರಲ್ಲಿ ನಾನು ಹೇಳಬಹುದಾದದ್ದು ಏನಿತ್ತು? ಎಂದಿನಂತೆ ಸುಮ್ಮನಾದೆ. ಅಮ್ಮ ನನ್ನ ಮೌನವನ್ನು ಒಪ್ಪಿಗೆ ಎಂದು ತೆಗೆದುಕೊಂಡಳು.

ಸಂಜೆ ಅಪ್ಪ ಹೆಗಲ ಮೇಲೆ ಎರಡು ಉದ್ದನೆಯ ಕಬ್ಬಿಣದ ಪಟ್ಟಿ ಹೊತ್ತು ಬಂದರು. ಬೆವರಿಳಿಯುತ್ತಿತ್ತು, ಕಣ್ಣಲ್ಲಿ ಮಿಂಚಿತ್ತು. ಪಟ್ಟಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸುವುದು, ಅದರ ಮೇಲೆ ಗಾಲಿಯ ಕುರ್ಚಿ ಓಡಿಸುವುದು. ಹಾಸಿಗೆಯಿಂದ ಬಚ್ಚಲು, ಬಚ್ಚಲಿನಿಂದ ಅಡುಗೆಮನೆ, ಅಲ್ಲಿಂದ ಕಿಟಕಿ. ಒಂದು ಹಗ್ಗ ಎಳೆದರೆ ಮುಂದೆ, ಇನ್ನೊಂದು ಎಳೆದರೆ ಹಿಂದೆ.

"ಇನ್ನು ನೀನು ನೆಲಕ್ಕೆ ಕಾಲಿಡೋ ಹಾಗೇ ಇಲ್ಲ," ಎಂದರು ಅಮ್ಮನಿಗೆ. ಇಷ್ಟು ಪ್ರೀತಿಯಿಂದ ಅವರು ಏನನ್ನಾದರೂ ಹೇಳಿದ್ದು ನಾನು ಕೇಳಿರಲಿಲ್ಲ.

"ಎಲ್ಲಿ ಹಾಕ್ತೀರಿ ಇದನ್ನ?" ಅಮ್ಮ ಕೇಳಿದಳು.

"ಗೋಡೆ ಪಕ್ಕಕ್ಕೇ. ನಡುವೆ ಹಾಕಿದ್ರೆ ಓಡಾಡೋರು ಎಡವುತ್ತಾರೆ. ಗೋಡೆ ಬುಡದ ಜಾಗ ಹೇಗೂ ಖಾಲಿ ಬಿದ್ದಿದೆ, ಯಾರಿಗೂ ಬೇಡದ್ದು."

ಅಮ್ಮ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಪಟ್ಟಿ ಬಿದ್ದರೆ ಮಗ್ಗುಲಲ್ಲಿ ಹಗ್ಗ, ರಾಟೆ, ಗಾಲಿ. ಗೋಡೆಗೆ ಕೈ ಎಟುಕುವುದಿಲ್ಲ. ಅವಳ ದಾರಿ ಅದೊಂದೇ.

ಅಳತೆ, ಸಾಣೆ, ಬಣ್ಣ ಎಂದು ಒಂದು ವಾರ ಹೋಯಿತು. ಅಪ್ಪ ಅಷ್ಟು ಸಂತೋಷದಲ್ಲಿ ಇದ್ದದ್ದನ್ನು ನಾನು ಕಂಡಿದ್ದು ಚಿಕ್ಕವಳಿದ್ದಾಗ, ಹೊಸ ಲಿಫ್ಟು ಶುರುವಾಗುವ ದಿನಗಳಲ್ಲಿ. ಅಮ್ಮ ಊಟ ಕಮ್ಮಿ ಮಾಡಿದಳು. ಅಪ್ಪ ಹೊರಗೆ ಹೋಗದಿದ್ದುದರಿಂದ ಆ ವಾರ ಅವಳಿಗೆ ಒಂದು ಹೆಜ್ಜೆಯೂ ನಡೆಯಲು ಆಗಲಿಲ್ಲ. "ಕಾಲು ಜೋಮು ಹಿಡಿದ ಹಾಗಿದೆ," ಎಂದು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದಳು. ಅತ್ತೆ ಬಂದವಳು, "ರೈಲು ಬರ್ತಿದೆ ಅಂತ ಗೊತ್ತಾಯ್ತು. ಟಿಕೆಟ್ ಎಲ್ಲಿ ತಗೋಬೇಕು?" ಎಂದಾಗ ಅಮ್ಮ ನಗಲೂ ಇಲ್ಲ.

ಹಳೆಯ ಸಹೋದ್ಯೋಗಿಯೊಬ್ಬರಿಂದ ಅಪ್ಪ ಡ್ರಿಲ್ ಮಷೀನು ತಂದದ್ದು ಭಾನುವಾರ ಬೆಳಿಗ್ಗೆ. ಗೋಡೆಯ ಬುಡದುದ್ದಕ್ಕೂ ನೆಲದ ಮೇಲೆ ಸೀಮೆಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ತೂತು ಬೀಳಬೇಕಾದಲ್ಲೆಲ್ಲ ಗುರುತು ಹಾಕಿದರು. ಟೇಪು ಹಿಡಿಯಲು ನಾನು ಕೂತಿದ್ದೆ. ಅಮ್ಮ ಕುರ್ಚಿಯಲ್ಲಿದ್ದಳು.

"ರೀ," ಎಂದಳು.

"ಒಂದೇ ನಿಮಿಷ."

"ರೀ, ಒಂದು ಮಾತು."

"ಇದೊಂದು ತೂತು ಬೀಳಲಿ, ಕೇಳ್ತೀನಿ," ಎಂದು ಅಪ್ಪ ಮಷೀನು ಚಾಲೂ ಮಾಡಿದರು.

ಮನೆಯೆಲ್ಲ ಆ ಸದ್ದು ತುಂಬಿಕೊಂಡಿತು. ಅಮ್ಮನ ಬಾಯಿ ಅಲುಗುವುದು ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಮೊದಲ ತೂತಿನಿಂದ ಬಿಳಿ ಪುಡಿ ಎದ್ದಿತು. ಅಪ್ಪ ಕುಕ್ಕರಗಾಲಲ್ಲೇ ಸರಿದು ಎರಡನೇ ಗುರುತಿಗೆ ಬಂದರು. ನಾನು ಮಾತಾಡಬೇಕಾದ ಹೊತ್ತು ಅದೇ ಎಂದು ಗೊತ್ತಿತ್ತು. ಅವರ ಹೆಗಲು ಮುಟ್ಟಿದ್ದರೆ ಸಾಕಿತ್ತು. ಕೈ ಏಳಲಿಲ್ಲ.

ಅಮ್ಮ ಸೀಟಿನ ಹಿಡಿ ಮುಟ್ಟಲಿಲ್ಲ. ಎರಡೂ ಕೈಯೂರಿ ತಾನೇ ಎದ್ದಳು. ಬಲಗೈ ಗೋಡೆಗೆ ಹೋಯಿತು. ಒಂದು ವಾರ ನಡೆಯದ ಕಾಲು, ಮೊದಲ ಹೆಜ್ಜೆಗೇ ನಡುಗಿತು. ಆದರೂ ಬಂದಳು. ಅಪ್ಪ ಮೂರನೇ ಗುರುತಿಗೆ ಮಷೀನಿನ ಮೊನೆ ಇಡಲು ಬಗ್ಗಿದರು. ಆ ಗುರುತಿನ ಮೇಲೆ ಎರಡು ಬರಿಗಾಲುಗಳು ಬಂದು ನಿಂತವು.

ಮಷೀನು ನಿಂತಿತು. ಅಪ್ಪ ತಲೆಯೆತ್ತಲಿಲ್ಲ, ಪಾದಗಳನ್ನೇ ನೋಡುತ್ತ ಕೂತರು. ಕಾಲ್ಬೆರಳುಗಳ ಮೇಲೆ ಸುಣ್ಣದ ಪುಡಿ ಬಿದ್ದಿತ್ತು. ಅವರು ಅದನ್ನು ಅಂಗೈಯಿಂದ ಒರೆಸಿದರು.

"ಯಾವಾಗಿಂದ?"

"ಸ್ವಲ್ಪ ದಿನ ಆಯ್ತು."

"ನಾನಿಲ್ಲದಾಗ."

"ಹೂಂ."

"ಇವಳಿಗೆ ಗೊತ್ತಾ?"

ಅಮ್ಮ ನನ್ನನ್ನು ಕಾಪಾಡಲು ಬಾಯಿ ತೆರೆದಳು. "ಗೊತ್ತು," ಎಂದೆ ನಾನು.

"ಹೋಗು, ಕೂತ್ಕೋ," ಎಂದರು ಅಪ್ಪ ಅಮ್ಮನಿಗೆ. "ಕಾಲು ನಡುಗ್ತಿದೆ."

ಅವಳು ಹಿಂದೆ ಹಿಂದೆ ಹೆಜ್ಜೆಯಿಟ್ಟಳು. ಈಗ ಅಪ್ಪ ತಲೆಯೆತ್ತಿ ನೋಡಿದರು. ಎಲ್ಲಿ ತೂಕ ಬೀಳುತ್ತದೆ, ಎಲ್ಲಿ ಎಳೆಯುತ್ತದೆ ಎಂದು ಹಗ್ಗ ನೋಡುವ ಹಾಗೆಯೇ ನೋಡಿದರು.

"ಯಾಕೆ ಹಾಗೆ ನಡೀತೀಯ?"

"ಗೋಡೆ ಈ ಕಡೆ ಇದೆಯಲ್ಲ."

ಅವರಿಗೆ ಅರ್ಥವಾಯಿತು. ಎಷ್ಟು ದಿನ, ಎಷ್ಟು ಸಲ, ಹೇಗೆ ಒಬ್ಬಳೇ ಎನ್ನುವುದೆಲ್ಲ ಒಟ್ಟಿಗೆ ಅರ್ಥವಾದದ್ದು ಮುಖದಲ್ಲಿ ಕಂಡಿತು. ಡ್ರಿಲ್ಲಿನ ವೈರನ್ನು ನಿಧಾನವಾಗಿ ಸುತ್ತಿದರು.

"ನನ್ನನ್ನ ಮಗು ಥರ ಆಡಿಸಿದ್ರಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಕೈಗೊಂದು ಆಟದ ಸಾಮಾನು ಕೊಟ್ಟು, ಅಳದೆ ಇರಲಿ ಅಂತ."

"ಹಾಗಲ್ಲ ರೀ. ನೀವು ಮತ್ತೆ ಎಲ್ಲಿ..."

"ಗೊತ್ತಾಯ್ತು."

ಮೂರು ದಿನದಲ್ಲಿ ಅವರು ಎಲ್ಲವನ್ನೂ ಬಿಚ್ಚಿದರು. ಒಂದು ಮೊಳೆಯನ್ನೂ ಸೊಟ್ಟ ಮಾಡದೆ, ದಾರಗಳನ್ನು ಬಣ್ಣದ ಪ್ರಕಾರ ಉಂಡೆ ಸುತ್ತಿ, ರಾಟೆಗಳನ್ನು ಎಣ್ಣೆ ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರು. ಅಮ್ಮ ಬೇಡ ಎಂದಳು, ಅತ್ತೆ ಬಂದು ಬೈದಳು, "ಏನೋ, ಹೆಂಡತಿ ನಡೆದ್ರೆ ಸಂತೋಷ ಪಡೋದು ಬಿಟ್ಟು ಮುಖ ಊದಿಸ್ಕೊಂಡಿದೀಯಲ್ಲ!" ಅಪ್ಪ, "ಸಂತೋಷ ಆಯ್ತಕ್ಕಾ," ಎಂದರು. ಸುಳ್ಳು ಹೇಳಿದ ಹಾಗೆ ಕಾಣಲಿಲ್ಲ. ಗೋಡೆಯ ತೂತುಗಳಿಗೆಲ್ಲ ಸಿಮೆಂಟು ಮೆತ್ತಿದರು. ಕೈ ತೊಳೆದುಕೊಂಡರು. ಆಮೇಲೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ನಾನು ಮಾತ್ರೆಯ ಡಬ್ಬಿಯನ್ನು ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡತೊಡಗಿದೆ. ಅಮ್ಮ ಎರಡು ದಿನ ಅವರ ಬೆನ್ನ ಹಿಂದೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಮೂರನೇ ದಿನ ಮೇಡಂ ಬಂದು ಕಾಲು ಪರೀಕ್ಷಿಸಿ, "ಇವತ್ತೇ ಮೆಟ್ಟಿಲು ಶುರು ಮಾಡಿ. ಇನ್ನೂ ತಡ ಆದ್ರೆ ನನ್ನ ಕೈಲಿಲ್ಲ," ಎಂದು ಹೋದರು. ಅಮ್ಮ ಬಹಳ ಹೊತ್ತು ಬಾಗಿಲ ಕಡೆ ನೋಡುತ್ತಿದ್ದಳು. ಆಮೇಲೆ ಅಪ್ಪನ ಬೆನ್ನಿಗೆ, "ನಾನು ಕೆಳಗೆ ಹೋಗಿ ಬರ್ತೀನಿ ರೀ," ಎಂದಳು.

ಬಲಗಡೆ ಕಂಬಿ, ಎಡಗಡೆ ನಾನು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿದೆವು. ಎರಡನೇ ಮಹಡಿಯಲ್ಲಿ ಮೆಟ್ಟಿಲು ತಿರುಗುವ ಕಟ್ಟೆ ಮುಟ್ಟುವಷ್ಟರಲ್ಲಿ ಅವಳ ಮೇಲ್ದುಟಿ ಬೆವರಿತ್ತು. ಕಂಬಿ ಬಿಗಿಯಾಗಿ ಹಿಡಿದು, ತಲೆಯೆತ್ತಿ ಮೇಲಕ್ಕೆ ಕಿವಿಗೊಟ್ಟಳು. ಮೇಲಿನಿಂದ ಯಾವ ಸದ್ದೂ ಇರಲಿಲ್ಲ.

"ಹೋಗಿ ನೋಡ್ಕೊಂಡು ಬಾ."

"ನಿನ್ನೊಬ್ಬಳನ್ನ ಇಲ್ಲಿ ಬಿಟ್ಟು?"

"ನಿಂತಿರ್ತೀನಿ. ಹೋಗು."

ನಾನು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದೆ. ಅಪ್ಪ ಹಾಗೇ ಇದ್ದರು. ಕಣ್ಣು ತೆರೆದಿತ್ತು. ಬಾಗಿಲಲ್ಲಿ ನಿಂತು ನೋಡಿ ಹಿಂದಿರುಗುವವಳಿದ್ದೆ.

"ಎಲ್ಲಿ ತನಕ ಹೋದ್ಲು?" ಗೋಡೆಗೆ ಹೇಳಿದ ಹಾಗೆ ಕೇಳಿದರು.

"ಕೆಳಗಿನ ಕಟ್ಟೆ ಹತ್ರ. ನಿಂತಿದಾಳೆ."

ಆಮೇಲೆ, "ಯಾವ ಕಾಲು ಮೊದಲು ಇಡ್ತಿದಾಳೆ?"

ನಾನು ನೆನಪಿಸಿಕೊಂಡೆ. "ಬಲಗಾಲು."

"ತಪ್ಪು. ಇಳಿಯುವಾಗ ನೋವಿರೋ ಕಾಲು ಮೊದಲು ಕೆಳಗೆ ಹೋಗ್ಬೇಕು. ಮೈ ಭಾರ ಗಟ್ಟಿ ಕಾಲು ಹಿಡ್ಕೊಳ್ಳುತ್ತೆ. ಎಡಗಾಲು ಮೊದಲು ಅಂತ ಹೇಳು."

ನಾನು ಕೆಳಗೆ ಓಡಿದೆ.

ಅಮ್ಮ ಬಿಟ್ಟಲ್ಲೇ ನಿಂತಿದ್ದಳು. ಹೇಳಿದೆ.

"ಅಷ್ಟೇನಾ ಅಂದಿದ್ದು?"

"ಅಷ್ಟೇ."

"ಈ ಕಡೆ ತಿರುಗಿದ್ರಾ?"

ತಿರುಗಿದರು ಎನ್ನಬಹುದಿತ್ತು. "ಇಲ್ಲ," ಎಂದೆ.

ಅವಳು ಕಂಬಿಯ ಮೇಲಿನ ತನ್ನ ಕೈಯನ್ನು ನೋಡುತ್ತ ನಿಂತಳು. ಕೆಳಗಿನ ಬಾಗಿಲಿನಿಂದ ಬೀದಿಯ ಬೆಳಕು ಮೆಟ್ಟಿಲುಗಳ ಬುಡದವರೆಗೆ ಬಂದಿತ್ತು. ಮೇಲೆ ಮನೆಯ ಬಾಗಿಲನ್ನು ನಾನು ತೆರೆದೇ ಬಂದಿದ್ದೆ. ಅವಳು ವಾಪಸು ಹೊರಡುತ್ತಾಳೆ ಎಂದುಕೊಂಡು ನಾನು ಒಂದು ಮೆಟ್ಟಿಲು ಮೇಲಕ್ಕೆ ಸರಿದೆ.

"ಈ ಕಡೆ ಬಾ, ಹಿಡ್ಕೋ," ಎಂದಳು ಅಮ್ಮ. ಎಡಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಟ್ಟಳು.